ಬೆಲ್ ಹೊಡೆಯುವ ಮೊದಲು ಮೂರು ನಿಮಿಷ: ಕಥೋಲಿಕ ಶಾಲೆಯ ಶಿಕ್ಷಕರಿಗಾಗಿ ಚಿಂತನ ಸಿದ್ಧಪಡಿಸುವ ಬಗೆ

ಒಂಬತ್ತೂವರೆಗೆ ಪ್ರಾರ್ಥನೆ ಬೆಲ್. ಒಂಬತ್ತೂ ಇಪ್ಪತ್ತಕ್ಕೆ ಸ್ಟಾಫ್ ರೂಮು ಹೇಗಿರುತ್ತದೆ ಎಂಬುದು ಶಾಲೆಯಲ್ಲಿ ದುಡಿದವರಿಗೆಲ್ಲ ಗೊತ್ತು. ಒಬ್ಬರು ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸುತ್ತಿರುತ್ತಾರೆ. ಇನ್ನೊಬ್ಬರು ನಿನ್ನೆ ತಿದ್ದಿ ಮುಗಿಯದ ನೋಟ್ಸುಗಳ ಕಟ್ಟು ಬಿಚ್ಚಿ ಕೆಂಪು ಪೆನ್ನು ಹುಡುಕುತ್ತಿರುತ್ತಾರೆ. ಜ್ವರ ಬಂದ ಮಗುವನ್ನು ಅತ್ತೆಯ ಕೈಗೊಪ್ಪಿಸಿ ಬಂದವರೂ ಅಲ್ಲೇ ಇರುತ್ತಾರೆ, ಯಾರಿಗೂ ಹೇಳಿಕೊಂಡಿರುವುದಿಲ್ಲ. ಆ ಹೊತ್ತಿಗೆ ಸಿಸ್ಟರ್ ಬಂದು, "ನಾಳೆಯಿಂದ ಬೆಳಗಿನ ಚಿಂತನ ನೀವು ಹೇಳಿ ಟೀಚರ್" ಎಂದರೆ ಏನು ಮಾಡುವುದು?

ಮಲೆನಾಡಿನ ಅಂಚಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನನಗೆ ಈ ಕೆಲಸ ಬಂದದ್ದು ಹೀಗೆಯೇ. ಮೊದಲ ಎರಡು ತಿಂಗಳು ನಾನು ಹೇಳಿದ್ದೆಲ್ಲ ಒಂದೇ ಧಾಟಿಯದು: ಶಿಕ್ಷಕರು ಮೇಣದ ಬತ್ತಿಯಂತೆ ಉರಿಯಬೇಕು, ತಾಳ್ಮೆ ಇರಬೇಕು, ಮಕ್ಕಳಲ್ಲಿ ದೇವರನ್ನು ಕಾಣಬೇಕು. ಒಂದು ದಿನ ನಮ್ಮ ಗಣಿತದ ಮೇಷ್ಟ್ರು, ನನಗಿಂತ ಹದಿನೈದು ವರ್ಷ ಹಿರಿಯರು, ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: "ಹೇಗಿರಬೇಕು ಅನ್ನೋದು ನಮಗೂ ಗೊತ್ತು ಟೀಚರ್. ಹಾಗಿರೋಕೆ ಆಗದೇ ಹೋದ ದಿನ ಏನು ಮಾಡೋದು, ಅದನ್ನ ಹೇಳಿ."

ಈ ಬರಹದಲ್ಲಿರುವುದೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು. ಚಿಂತನ ಶಿಕ್ಷಕರ ಹೆಗಲಿಗೆ ಇನ್ನೊಂದು ಹೊರೆ ಏರಿಸುವುದಲ್ಲ. ನಿನ್ನೆಯ ತರಗತಿಯಲ್ಲಿ ನಡೆದದ್ದನ್ನೇ ಯೇಸುಸ್ವಾಮಿಯ ಎದುರು ಇಟ್ಟು, ಅವರ ಜೊತೆ ಅದನ್ನು ಮತ್ತೊಮ್ಮೆ ನೋಡುವುದು. ಇದನ್ನು ಮಾಡುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಎದುರು ಕೂತವರು ಯಾರು ಎಂದು ನೋಡಿ

ನಮ್ಮ ಕಡೆಯ ಕಥೋಲಿಕ ಶಾಲೆಗಳ ಸ್ಟಾಫ್ ರೂಮಿನಲ್ಲಿ ಕ್ರೈಸ್ತರಷ್ಟೇ ಕೂತಿರುವುದು ಅಪರೂಪ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು, 1880ರಲ್ಲಿ ಅದೇ ಊರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಯೇಸುಸಭೆಯ ಗುರುಗಳು (ಜೆಸ್ವಿಟ್ ಪಾದ್ರಿಗಳು), 1921ರಲ್ಲಿ ಅಲ್ಲೇ ಹುಟ್ಟಿದ ಬೆಥನಿ ಸಿಸ್ಟರುಗಳ ಸಂಸ್ಥೆ, ಇವರೆಲ್ಲ ಬೆಳೆಸಿದ ಶಾಲೆಗಳಲ್ಲಿ ಕಲಿಯುವವರೂ ಕಲಿಸುವವರೂ ಎಲ್ಲ ಮತಗಳವರು. ನಿಮ್ಮ ಮಾತು ಕೇಳುವವರಲ್ಲಿ ಅರ್ಧದಷ್ಟು ಜನ ಬೆಳಿಗ್ಗೆ ಮನೆಯಲ್ಲಿ ದೇವರ ದೀಪ ಹಚ್ಚಿ, ಇಲ್ಲವೇ ನಮಾಜು ಮುಗಿಸಿ ಬಂದವರು ಎಂಬುದು ನೆನಪಿರಲಿ.

ಇದರಲ್ಲಿ ಕಾನೂನಿನ ಮಾತೂ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಗೆ ಬರುವ ಯಾರನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ನಂಬಿಕೆಯ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದು ಎಂದು ಕಥೋಲಿಕ ಬಿಷಪರೆಲ್ಲ ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರ ಡಿಸೆಂಬರಿನಲ್ಲಿ ಸಾರಿತು. ಹಾಗಾಗಿ ಮೊದಲ ದಿನವೇ ಹೇಳಿಬಿಡಿ: ಇದು ಬಯಸಿದವರಿಗೆ. ಬಾರದವರನ್ನು ಯಾರೂ ಕೇಳುವುದಿಲ್ಲ. ಆಮೇಲೆ ನಿಜವಾಗಿಯೂ ಕೇಳಬೇಡಿ.

ಆದರೆ ಎಲ್ಲರಿಗೂ ಸಲ್ಲಲಿ ಎಂದು ಯೇಸುವಿನ ಹೆಸರನ್ನೇ ಮರೆಮಾಡುವುದೂ ಸರಿಯಲ್ಲ. ನಾನು ಕೆಲವು ಕಾಲ ಹಾಗೆ ಮಾಡಿದೆ. "ಒಬ್ಬ ಮಹಾನ್ ಗುರು ಹೇಳಿದ್ದಾರೆ" ಎಂದು ಶುರುಮಾಡುತ್ತಿದ್ದೆ. ನಮ್ಮ ಹಿಂದಿ ಮೇಷ್ಟ್ರು ಮುಸ್ಲಿಮರು. ಅವರೇ ಒಂದು ಸಲ, "ಯೇಸುವಿನ ಕತೆಯನ್ನ ಯೇಸುವಿನ ಕತೆ ಅಂತಲೇ ಹೇಳಿ ಮೇಡಂ, ನಾನು ಕೇಳ್ತೀನಿ. ನೀರು ಬೆರೆಸಿದರೆ ಯಾರದ್ದೂ ಆಗಲ್ಲ" ಎಂದರು. ಅಂದಿನಿಂದ ನಾನು ಪಾಲಿಸುವ ಕ್ರಮ ಇಷ್ಟೇ. ಕತೆ ಶುಭಸಂದೇಶದ್ದು (ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಭಾಗದ್ದು), ಅದನ್ನು ಮುಚ್ಚುವುದಿಲ್ಲ. ಆದರೆ "ನಾವು ಕ್ರೈಸ್ತರಾದವರು" ಎಂದು ಮಾತು ಎತ್ತುವುದಿಲ್ಲ; "ನಾವು ಪಾಠ ಮಾಡುವವರು" ಎನ್ನುತ್ತೇನೆ. ಕೊನೆಯ ಪ್ರಾರ್ಥನೆಯನ್ನು ಎಲ್ಲರ ಬಾಯಲ್ಲೂ ಹೇಳಿಸುವುದಿಲ್ಲ. ಮೌನ ಬಿಡುತ್ತೇನೆ, ಅವರವರು ಅವರವರ ರೀತಿಯಲ್ಲಿ ತುಂಬಿಕೊಳ್ಳುತ್ತಾರೆ.

ಹೆಜ್ಜೆ 2: ಹಿಂದಿನ ಸಂಜೆಯೇ ಶುರುಮಾಡಿ

ಚಿಂತನಕ್ಕೆ ವಿಷಯ ಹುಡುಕಲು ಪುಸ್ತಕದ ಕಪಾಟಿಗೆ ಹೋಗಬೇಡಿ. ಯೇಸುಸಭೆ ಕಟ್ಟಿದ ಲೊಯೋಲದ ಸಂತ ಇಗ್ನಾಸಿಯವರು (1491–1556) ತಮ್ಮ ಸಂಗಡಿಗರಿಗೆ ಕಲಿಸಿದ ಒಂದು ರೂಢಿ ಇದೆ: ದಿನದಲ್ಲಿ ಎರಡು ಸಲ ನಿಂತು, ಆವರೆಗಿನ ಗಂಟೆಗಳನ್ನು ದೇವರ ಜೊತೆ ಹಿಂತಿರುಗಿ ನೋಡುವುದು. ಮೊದಲು ಕೃತಜ್ಞತೆ, ಬಳಿಕ ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು ಎಂಬ ನೋಟ, ತಪ್ಪಿದ್ದರೆ ಕ್ಷಮೆ, ನಾಳೆಗೊಂದು ಬೇಡಿಕೆ. ಶಿಕ್ಷಕರಿಗೆ ಇದಕ್ಕಿಂತ ಹೊಂದುವ ಪ್ರಾರ್ಥನೆ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ನಮ್ಮ ದಿನ ಪೀರಿಯಡ್ಡುಗಳಾಗಿಯೇ ತುಂಡಾಗಿದೆಯಲ್ಲ. ಮೊದಲ ಪೀರಿಯಡ್ಡಿನಿಂದ ಏಳನೆಯದರವರೆಗೆ ಬೆರಳು ಮಡಿಸುತ್ತ ಬಂದರಾಯಿತು.

ಬಸ್ಸಿನಲ್ಲಿ ಕೂತಾಗ, ಇಲ್ಲವೇ ಅನ್ನಕ್ಕೆ ಇಟ್ಟು ಕುಕ್ಕರ್ ಕೂಗುವುದನ್ನು ಕಾಯುವಾಗ, ಇದನ್ನು ಮಾಡಿ. ಮನಸ್ಸು ತಂಗಿ ನಿಂತ ಒಂದು ಕ್ಷಣವನ್ನು ಸಣ್ಣ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದಿಡಿ. ನನ್ನ ಹಳೆಯ ನೋಟ್‌ಬುಕ್ಕಿನ ಕೆಲವು ಸಾಲುಗಳು ಹೀಗಿವೆ:

"ಒಂಬತ್ತನೇ ಕ್ಲಾಸು. ಭಾಗಲಬ್ಧ ಮೂರನೇ ಸಲ ಹೇಳಿದರೂ ಹಿಂದಿನ ಬೆಂಚಿಗೆ ಹತ್ತಲಿಲ್ಲ ಎಂದು ಗಣಿತದ ಮೇಷ್ಟ್ರು."

"ಬಿಸಿಯೂಟದ ಸಾಲಿನಲ್ಲಿ ಒಬ್ಬಳು ತನ್ನ ತಟ್ಟೆ ಕೊಟ್ಟು ಇನ್ನೊಬ್ಬಳ ತಟ್ಟೆಗೆ ಕಾದಳು."

"ಸ್ಯಾಟ್ಸ್ ಎಂಟ್ರಿ (ಇಲಾಖೆಗಾಗಿ ಮಕ್ಕಳ ವಿವರ ಕಂಪ್ಯೂಟರಿಗೆ ತುಂಬುವ ಕೆಲಸ) ಮಾಡುತ್ತ ಕೂತೆ. ಒಂದು ಮಗು ಬಂದು ನಿಂತದ್ದು ಗೊತ್ತಾಗಲೇ ಇಲ್ಲ. ತಲೆ ಎತ್ತುವಷ್ಟರಲ್ಲಿ ಹೋಗಿತ್ತು."

ಈ ಕೊನೆಯ ಸಾಲು ಒಂದು ಇಡೀ ಚಿಂತನವೇ. ಇಂಥವು ವಾರಕ್ಕೆ ಐದು ಸಿಕ್ಕೇ ಸಿಗುತ್ತವೆ. ಒಂದು ಎಚ್ಚರ ಮಾತ್ರ ಬೇಕು: ಮಗು ನಂಬಿ ಹೇಳಿದ ಮನೆಯ ಗುಟ್ಟನ್ನು, ಸಹೋದ್ಯೋಗಿಯ ತಪ್ಪನ್ನು ಚಿಂತನಕ್ಕೆ ತರಬಾರದು. ಹೆಸರು ಬದಲಿಸಿದರೂ ಸಣ್ಣ ಶಾಲೆಯಲ್ಲಿ ಎಲ್ಲರಿಗೂ ಯಾರೆಂದು ತಿಳಿಯುತ್ತದೆ. ಸಂದೇಹ ಬಂದರೆ ನಿಮ್ಮದೇ ಕತೆ ಹೇಳಿ.

ಹೆಜ್ಜೆ 3: ವಾಕ್ಯ ಬೇಡ, ಒಂದು ದೃಶ್ಯ ಹುಡುಕಿ

ನಾವು ಸಾಮಾನ್ಯವಾಗಿ ಮಾಡುವುದು ಒಂದು ವಚನ ಆರಿಸಿ ಅದಕ್ಕೆ ವಿವರಣೆ ಕೊಡುವುದು. ಬೆಳಗಿನ ಆ ಗಡಿಬಿಡಿಯಲ್ಲಿ ವಿವರಣೆ ಕಿವಿಗೆ ಬೀಳುವುದಿಲ್ಲ, ಚಿತ್ರ ಬೀಳುತ್ತದೆ. ನಾಲ್ಕೂ ಶುಭಸಂದೇಶಗಳಲ್ಲಿ ಜನ ಯೇಸುವನ್ನು ಮತ್ತೆ ಮತ್ತೆ ಕರೆದದ್ದು "ಬೋಧಕರೇ" ಎಂದು. ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳ ಬಾಯಿಂದ ಹೊರಟದ್ದೂ ಅದೇ ಕರೆ. ಆ ಬೋಧಕರು ಪಾಠ ಮಾಡುವುದನ್ನು, ಕಾಯುವುದನ್ನು, ದಣಿಯುವುದನ್ನು ಮೇಷ್ಟ್ರ ಕಣ್ಣಿನಿಂದ ನೋಡಿದರೆ ಗೊತ್ತಿದ್ದ ಕತೆಯೇ ಹೊಸದಾಗಿ ತೆರೆದುಕೊಳ್ಳುತ್ತದೆ.

ಬೆತ್ಸಾಯಿದದ ಕುರುಡನ ಕತೆಯನ್ನು ತೆಗೆದುಕೊಳ್ಳಿ (ಮಾರ್ಕ 8). ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದೊಯ್ಯುತ್ತಾರೆ. ಕಣ್ಣಿನ ಮೇಲೆ ಕೈಯಿಟ್ಟು, "ಏನಾದರೂ ಕಾಣುತ್ತಿದೆಯೇ?" ಎಂದು ಕೇಳುತ್ತಾರೆ. ಅವನು ಹೇಳುತ್ತಾನೆ: ಜನ ಕಾಣುತ್ತಿದ್ದಾರೆ, ಆದರೆ ಮರಗಳು ನಡೆದಾಡುವ ಹಾಗೆ ಕಾಣುತ್ತಿದ್ದಾರೆ. ಯೇಸು ಮತ್ತೊಮ್ಮೆ ಕೈಯಿಡುತ್ತಾರೆ. ಆಮೇಲೆ ಎಲ್ಲ ಸ್ಪಷ್ಟ. ಮೊದಲ ಸಲಕ್ಕೆ ಆಗದ ಕೆಲಸವನ್ನು ಎರಡನೇ ಸಲ ಮಾಡಿದ ಏಕೈಕ ಗುಣಪಡಿಸುವಿಕೆ ಇದು. ಭಾಗಲಬ್ಧ ಮೂರನೇ ಸಲ ಹೇಳಿದ ಮೇಷ್ಟ್ರಿಗೆ ಇದನ್ನು ಓದಿ ತೋರಿಸಿದಾಗ ನಾನು ಬೇರೇನೂ ಹೇಳಬೇಕಾಗಲಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶ ಇದೆ: ಯೇಸು "ಅರ್ಥವಾಯಿತೇ?" ಎಂದು ಕೇಳಲಿಲ್ಲ, ಕಾಣುವುದರ ಬಗ್ಗೆ ಕೇಳಿದರು. "ಅರ್ಥವಾಯಿತೇ" ಎಂದರೆ ಇಡೀ ಕ್ಲಾಸು "ಹೂಂ" ಎನ್ನುತ್ತದೆ. "ಏನು ಕಾಣುತ್ತಿದೆ" ಎಂದರೆ ಮಗು ತನ್ನ ಮರಗಳ ಬಗ್ಗೆ ಹೇಳುತ್ತದೆ.

ಎಮ್ಮಾವುವಿನ ದಾರಿಯೂ (ಲೂಕ 24) ಹೀಗೆಯೇ. ಯೇಸು ತೀರಿಹೋದರೆಂದು ಇಬ್ಬರು ಶಿಷ್ಯರು ಮುಖ ಸಪ್ಪೆ ಮಾಡಿಕೊಂಡು, ಜೆರುಸಲೇಮ್ ಬಿಟ್ಟು ತಪ್ಪು ದಿಕ್ಕಿಗೆ ನಡೆಯುತ್ತಿದ್ದಾರೆ. ಪುನರುತ್ಥಾನರಾದ ಯೇಸು ಬಂದರೂ ಅವರಿಗೆ ಗುರುತು ಹತ್ತುವುದಿಲ್ಲ. ಯೇಸು ಅವರನ್ನು ತಡೆದು ನಿಲ್ಲಿಸುವುದಿಲ್ಲ. ಜೊತೆಗೆ ನಡೆಯುತ್ತಾರೆ, ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾರೆ, ತಮಗೆ ಗೊತ್ತಿದ್ದದ್ದನ್ನೇ ಅವರ ಬಾಯಿಂದ ಪೂರ್ತಿ ಹೇಳಿಸುತ್ತಾರೆ. ಪಾಠ ಶುರುವಾಗುವುದು ಅದಾದ ಮೇಲೆ. ಶಾಲೆ ಬಿಟ್ಟು ಹೋಗುತ್ತೇನೆ ಎಂದು ಹಠ ಹಿಡಿದ ಮಗುವಿನ ಜೊತೆ ಹೇಗೆ ಕೂರುವುದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಇದು.

ಫಲಿತಾಂಶ ಕೆಟ್ಟ ವರ್ಷಕ್ಕೆ ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಬಂದ ಪೇತ್ರ (ಲೂಕ 5). ಪಾಠ ಮಾಡಿದ್ದು ಎಲ್ಲಿ ಹೋಯಿತೋ ಎಂಬ ಹತಾಶೆಗೆ, ರೈತ ಮಲಗಿದ್ದರೂ ತಾನಾಗಿ ಮೊಳೆತು ಬೆಳೆವ ಬೀಜ (ಮಾರ್ಕ 4). ಊಟಕ್ಕೂ ಬಿಡುವಿಲ್ಲದ ಶಾಲಾ ವಾರ್ಷಿಕೋತ್ಸವದ ವಾರಕ್ಕೆ, "ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ" ಎಂದು ಶಿಷ್ಯರನ್ನು ಕರೆದ ಯೇಸು (ಮಾರ್ಕ 6). ಅಲ್ಲೂ ಜನ ಬಂದು ಹೋಗುತ್ತಿದ್ದುದರಿಂದ ಅವರಿಗೆ ಊಟಕ್ಕೂ ಪುರಸೊತ್ತಿರಲಿಲ್ಲ ಎಂದು ಬರೆದಿದೆ. ಕೆರೆಯ ದಂಡೆಯಲ್ಲಿ ಇದ್ದಲಿನ ಬೆಂಕಿ ಮಾಡಿ, ಮೀನು ಸುಟ್ಟು, ತನ್ನನ್ನು ಬಿಟ್ಟು ಓಡಿದ್ದವರನ್ನು ತಿಂಡಿಗೆ ಕರೆದ ಯೇಸು (ಯೊವಾನ್ನ 21) ಶನಿವಾರದ ಬೆಳಗಿನ ಶಾಲೆಗೆ ಹೇಳಿಮಾಡಿಸಿದ್ದು. ಬೈಬಲಿನ ಭಾಗವನ್ನು ಆರಿಸಿದ ಮೇಲೆ ರಾತ್ರಿ ಮಲಗುವ ಮುನ್ನ ಒಂದು ಸಲ ಗಟ್ಟಿಯಾಗಿ ಓದಿ. ನಿಮ್ಮ ಧರ್ಮಕೇಂದ್ರದ (ಊರ ಚರ್ಚಿನ) ಬಲಿಪೂಜೆಯಲ್ಲಿ ಓದುವ ಕನ್ನಡ ಅನುವಾದವನ್ನೇ ಬಳಸಿದರೆ ಒಳ್ಳೆಯದು. ಭಾನುವಾರ ಕೇಳಿದ ಮಾತು ಬುಧವಾರ ಸ್ಟಾಫ್ ರೂಮಿನಲ್ಲಿ ಮತ್ತೆ ಕಿವಿಗೆ ಬಿದ್ದಾಗ ಅದರ ಸೊಗಸೇ ಬೇರೆ.

ಹೆಜ್ಜೆ 4: 250 ಪದಗಳಲ್ಲಿ ಬರೆಯಿರಿ

ಇಟಲಿಯ ಟ್ಯೂರಿನ್ನಿನಲ್ಲಿ ಅನಾಥ ಹುಡುಗರನ್ನು ಸಾಕಿ ಓದಿಸಿದ ಸಂತ ಜಾನ್ ಬೋಸ್ಕೊ ರಾತ್ರಿ ಪ್ರಾರ್ಥನೆಯ ಬಳಿಕ ಮಕ್ಕಳಿಗೆ ನಾಲ್ಕು ಮಾತು ಹೇಳಿ ಮಲಗಲು ಕಳಿಸುವ ರೂಢಿ ಇಟ್ಟಿದ್ದರು. ಆ ರೂಢಿಯನ್ನು ಶುರುಮಾಡಿದ್ದು ಅವರ ತಾಯಿ ಮಾರ್ಗರೀತ ಎಂದು ಬೋಸ್ಕೊ ಕಟ್ಟಿದ ಸಲೇಶಿಯನ್ ಸಭೆಯ ಗುರುಗಳು ಇಂದಿಗೂ ನೆನೆಯುತ್ತಾರೆ. ತಮ್ಮ ಶಿಕ್ಷಣ ಪದ್ಧತಿಯನ್ನು 1877ರಲ್ಲಿ ಬರೆದಿಟ್ಟಾಗ ಬೋಸ್ಕೊ ಈ ಮಾತಿಗೆ ಅಳತೆಯನ್ನೂ ಕೊಟ್ಟರು: ಎರಡು ಮೂರು ನಿಮಿಷ ಮೀರಕೂಡದು. ಪೋಪ್ ಫ್ರಾನ್ಸಿಸರೂ 2024ರಲ್ಲಿ ಗುರುಗಳಿಗೆ, ಪೂಜೆಯ ಪ್ರಬೋಧನೆ ಎಂಟು ನಿಮಿಷ ದಾಟಬಾರದು ಎಂದರು. ಚರ್ಚಿನ ಪೀಠದಲ್ಲೇ ಎಂಟಾದರೆ ಸ್ಟಾಫ್ ರೂಮಿಗೆ ಮೂರು ಸಾಕು. ಕನ್ನಡದಲ್ಲಿ ನಿಧಾನವಾಗಿ ಓದಿದರೆ ಮೂರು ನಿಮಿಷಕ್ಕೆ ಸುಮಾರು 250 ಪದ ಹಿಡಿಸುತ್ತದೆ. ಒಂದು ಪುಟ ನೋಟ್‌ಬುಕ್ಕು.

ಆಕಾಶವಾಣಿಯ ಬೆಳಗಿನ "ಚಿಂತನ" ಕೇಳಿ ಬೆಳೆದವರಿಗೆ ಇದರ ನಡಿಗೆ ಈಗಾಗಲೇ ಕಿವಿಯಲ್ಲಿದೆ. ಮೊದಲ ಸಾಲಿನಲ್ಲೇ ಘಟನೆಗೆ ಇಳಿಯಿರಿ. "ಪ್ರಿಯ ಶಿಕ್ಷಕ ಬಂಧುಗಳೇ, ಇಂದಿನ ಧಾವಂತದ ಯುಗದಲ್ಲಿ" ಎಂಬ ಪೀಠಿಕೆಗೆ ಅರ್ಧ ನಿಮಿಷ ಹೋಗುತ್ತದೆ, ಕೇಳುವವರ ಕಿವಿ ಅಲ್ಲೇ ಮುಚ್ಚುತ್ತದೆ. ಘಟನೆ ಆಯಿತೇ, ಶುಭಸಂದೇಶದ ದೃಶ್ಯಕ್ಕೆ ಬನ್ನಿ. ಎರಡೂ ಒಂದನ್ನೊಂದು ಮುಟ್ಟುವ ಜಾಗದಲ್ಲಿ ಒಂದೇ ಮಾತು ಹೇಳಿ. ಆ ದಿನ ಮಾಡಬಹುದಾದ ಒಂದು ಸಣ್ಣ ಕೆಲಸ ಇಡಿ, ಮಧ್ಯಾಹ್ನದೊಳಗೆ ಮಾಡಿ ಮುಗಿಸಬಹುದಾದಷ್ಟು ಸಣ್ಣದು. ನಿಲ್ಲಿಸಿ.

ಬರೆದಾದ ಮೇಲೆ ಕೆಂಪು ಪೆನ್ನು ತೆಗೆದುಕೊಂಡು ಬರಹದಲ್ಲಿರುವ ಪ್ರತಿಯೊಂದು "ಬೇಕು", "ಬಾರದು"ಗಳ ಕೆಳಗೆ ಗೆರೆ ಎಳೆಯಿರಿ. ಎರಡಕ್ಕಿಂತ ಹೆಚ್ಚಿದ್ದರೆ ಅದು ಚಿಂತನವಲ್ಲ, ಸುತ್ತೋಲೆ. ಶಿಕ್ಷಕರಿಗೆ ಇಲಾಖೆಯಿಂದ ಬರುವ ಸುತ್ತೋಲೆಗಳೇ ಸಾಕಷ್ಟಿವೆ. ನನ್ನ ಮೊದಲ ತಿಂಗಳ ಒಂದು ಪುಟದಲ್ಲಿ ಹದಿಮೂರು "ಬೇಕು" ಇದ್ದವು.

ಒಂದು ಮಾದರಿಯನ್ನು ಪೂರ್ತಿಯಾಗಿ ಕೊಡುತ್ತೇನೆ. ಇದು ಜನವರಿಯದು, ನಮ್ಮ ಕಡೆ ಕಾಫಿ ಹಣ್ಣಿನ ಕೊಯ್ಲು ನಡೆಯುವ ಕಾಲ.

*"ಎಂಟನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಹನ್ನೊಂದು 'ಗೈ' ಸಾಲಾಗಿ ನಿಂತಿವೆ. ನಾನೇ ಬರೆದದ್ದು. ಪ್ರತಿದಿನ ಹೆಸರು ಕೂಗಿದೆ, ಉತ್ತರ ಬರಲಿಲ್ಲ, 'ಗೈ' ಎಂದು ಬರೆದು ಮುಂದಿನ ಹೆಸರಿಗೆ ಹೋದೆ. ಹನ್ನೆರಡನೇ ದಿನ ಪಕ್ಕದ ಬೆಂಚಿನ ಹುಡುಗಿ ಹೇಳಿದಳು: ಅವರಪ್ಪ ಅಮ್ಮ ಕೊಯ್ಲಿಗೆ ಹೋಗ್ತಾರೆ ಮಿಸ್, ತಂಗೀನ ನೋಡ್ಕೊಳ್ಳೋಕೆ ಯಾರೂ ಇಲ್ಲ.*

*ನೂರು ಕುರಿ ಇದ್ದವನ ಕತೆ ನಮಗೆಲ್ಲ ಗೊತ್ತು. ಒಂದು ತಪ್ಪಿಸಿಕೊಂಡಿತು, ತೊಂಬತ್ತೊಂಬತ್ತನ್ನು ಬಿಟ್ಟು ಹುಡುಕಿ ಹೊರಟ. ಅವನು ಹೊರಟ ಬಗ್ಗೆ ನಾವು ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ನಿನ್ನೆ ರಾತ್ರಿ ನನಗೆ ಹೊಳೆದದ್ದು ಅದಕ್ಕೂ ಹಿಂದಿನ ಮಾತು. ತೊಂಬತ್ತೊಂಬತ್ತು ಕುರಿ ಕಣ್ಣೆದುರು ಮೇಯುತ್ತಿರುವಾಗ ಒಂದು ಇಲ್ಲ ಎಂದು ತಿಳಿಯಲು ಅವನು ಎಣಿಸಿರಲೇಬೇಕು. ಸಂಜೆ ಹೊತ್ತು, ದಣಿದ ಕಾಲಲ್ಲಿ, ಒಂದೊಂದನ್ನೇ ಮುಟ್ಟಿ ಎಣಿಸಿದ್ದಾನೆ. ಹುಡುಕಾಟ ಶುರುವಾದದ್ದು ಆ ಎಣಿಕೆಯಲ್ಲಿ.*

*ನಾವು ದಿನಾ ಬೆಳಿಗ್ಗೆ ಮಾಡುವುದು ಅದೇ ಕೆಲಸ. ಹಾಜರಿ ಕೂಗುವುದು ಕುರುಬನ ಎಣಿಕೆ.*

*ಇವತ್ತು ಮೊದಲ ಪೀರಿಯಡ್ಡಿನಲ್ಲಿ ಹೆಸರು ಕೂಗುವಾಗ, ಪ್ರತಿ ಹೆಸರಿಗೂ ಒಮ್ಮೆ ತಲೆ ಎತ್ತಿ ಆ ಮುಖ ನೋಡೋಣ. ಖಾಲಿ ಜಾಗವಿದ್ದರೆ ಆ ಜಾಗವನ್ನೂ ನೋಡೋಣ."*

ಇದರಲ್ಲಿ ಬೋಧನೆಯ ಮಾತು ಒಂದೇ. ಉಳಿದದ್ದನ್ನು ಹಾಜರಿ ಪುಸ್ತಕವೇ ಹೇಳುತ್ತದೆ. ಶಾಲೆಗೆ ಬಾರದ ಆ ಮಗುವಿನ ಹೆಸರನ್ನು ನಾನು ಹೇಳಲಿಲ್ಲ. ಆದರೆ ಅದೇ ವಾರ ಇಬ್ಬರು ಟೀಚರುಗಳು ತಾವಾಗಿ ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ಹೋಗಿಬಂದರು.

ಹೆಜ್ಜೆ 5: ಹೇಳುವ ಬಗೆ, ಸುಮ್ಮನಿರುವ ಬಗೆ

ನಿಂತು ಭಾಷಣ ಮಾಡಬೇಡಿ, ಕೂತು ಓದಿ. ನಿಮ್ಮ ಎಂದಿನ ಕುರ್ಚಿಯಲ್ಲೇ. ಒಂದು ಮೇಣದ ಬತ್ತಿ ಹಚ್ಚಿಟ್ಟರೆ ಚೆನ್ನ; ಹಚ್ಚುವ ಕೆಲಸವನ್ನು ದಿನಕ್ಕೊಬ್ಬರಿಗೆ ಕೊಡಿ. ಮಾತು ಶುರುವಾಗುವ ಮುನ್ನವೂ ಮುಗಿದ ಮೇಲೂ ಅರ್ಧ ನಿಮಿಷ ಮೌನ ಇರಲಿ. ಮೊದಮೊದಲು ಈ ಅರ್ಧ ನಿಮಿಷ ಬಹಳ ಉದ್ದ ಎನಿಸುತ್ತದೆ, ಯಾರಾದರೂ ಕೆಮ್ಮುತ್ತಾರೆ, ಫೋನು ತಿರುಗಿಸಿಡುತ್ತಾರೆ. ಎರಡು ವಾರ ತಾಳಿ. ಆಮೇಲೆ ಅವರೇ ಆ ಮೌನವನ್ನು ಕಾಯತೊಡಗುತ್ತಾರೆ.

ಈ ಮೌನಕ್ಕೆ ಹಳೆಯ ಬೇರಿದೆ. ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ 1651ರಲ್ಲಿ ಹುಟ್ಟಿದ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಬಡ ಮಕ್ಕಳಿಗೆ ಶಾಲೆ ತೆರೆದವರು, ಶಿಕ್ಷಕರನ್ನೇ ತರಬೇತುಗೊಳಿಸಿ ಬ್ರದರುಗಳ ಸಂಘ ಕಟ್ಟಿದವರು. ಅವರ ಶಾಲೆಗಳಲ್ಲಿ ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ಒಬ್ಬ ವಿದ್ಯಾರ್ಥಿ ಪುಟ್ಟ ಗಂಟೆ ಬಾರಿಸುತ್ತಿದ್ದ. ನಡೆಯುತ್ತಿದ್ದ ಪಾಠ ಅಲ್ಲಿಗೇ ನಿಂತು, ಎಲ್ಲರೂ ತಾವು ದೇವರ ಸನ್ನಿಧಿಯಲ್ಲಿದ್ದೇವೆ ಎಂದು ಕ್ಷಣಹೊತ್ತು ನೆನೆಯುತ್ತಿದ್ದರು. 1950ರಲ್ಲಿ ಪೋಪ್ ಹನ್ನೆರಡನೇ ಪಿಯುಸರು ಅವರನ್ನು ಶಿಕ್ಷಕರೆಲ್ಲರ ಪಾಲಕ ಸಂತರೆಂದು ಸಾರಿದರು. ನಮ್ಮ ಶಾಲೆಗಳಲ್ಲೂ ಪೀರಿಯಡ್ಡಿನ ಬೆಲ್ಲು ದಿನಕ್ಕೆ ಎಂಟು ಹತ್ತು ಸಲ ಹೊಡೆಯುತ್ತದೆ. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತುವಾಗ ಬೆಳಗಿನ ಆ ಒಂದು ಮಾತನ್ನು ನೆನೆಸಿಕೊಳ್ಳಲು ಅದೇ ಸಂಕೇತವಾಗಬಹುದು. ನಾನು ನಮ್ಮವರಿಗೆ ಹೇಳುವುದು ಅಷ್ಟೇ: ಮೆಟ್ಟಿಲ ಮೇಲೆ ನೆನೆಸಿ.

ಚಿಂತನ ಮುಗಿದೊಡನೆ ಹೆಡ್ ಮಿಸ್ಟ್ರೆಸ್ "ಇನ್ನು ಎರಡು ಸೂಚನೆ" ಎಂದು ಎದ್ದರೆ ಎಲ್ಲ ಹೋಯಿತು. ಸೂಚನೆಗಳನ್ನು ಚಿಂತನಕ್ಕಿಂತ ಮೊದಲೇ ಹೇಳಿಬಿಡುವಂತೆ ವಿನಂತಿಸಿಕೊಳ್ಳಿ.

ವರ್ಷದ ಕ್ಯಾಲೆಂಡರು

ಪ್ರತಿದಿನಕ್ಕೂ ಹೊಸದು ಹುಡುಕುವುದು ಕಷ್ಟ ಎನ್ನುವವರು ಧರ್ಮಸಭೆಯ ಕ್ಯಾಲೆಂಡರನ್ನೂ ಶಾಲೆಯ ಕ್ಯಾಲೆಂಡರನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಮ್ಮ ರಾಷ್ಟ್ರೀಯ, ನಾಡಹಬ್ಬಗಳಲ್ಲಿ ಹಲವು ಒಂದೊಂದು ಸ್ಮರಣೆಯ ಜೊತೆ ಕೂಡಿಕೊಂಡಿವೆ. ನನಗಿದು ಗೊತ್ತಾದದ್ದು ತಡವಾಗಿ. ಗೊತ್ತಾದ ದಿನ ಆದ ಸಂತೋಷ ಇನ್ನೂ ಇದೆ.

ಆಗಸ್ಟ್ 15 ಸ್ವಾತಂತ್ರ್ಯ ದಿನ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಹೌದು. ಅಂದಿನ ಶುಭಸಂದೇಶದಲ್ಲಿ ಹಳ್ಳಿಯ ಹುಡುಗಿಯೊಬ್ಬಳು ದೇವರು ದೀನರನ್ನು ಮೇಲೆತ್ತಿದರು ಎಂದು ಹಾಡುತ್ತಾಳೆ. ಧ್ವಜ ಏರುವುದನ್ನು ಬರಿಗಾಲಲ್ಲಿ ನಿಂತು ನೋಡುವ ಮಕ್ಕಳ ಶಾಲೆಯಲ್ಲಿ ಈ ಹಾಡಿಗೆ ವಿವರಣೆ ಬೇಡ.

ಸೆಪ್ಟೆಂಬರ್ 5 ಶಿಕ್ಷಕರ ದಿನ. ಕೋಲ್ಕತ್ತದ ಸಂತ ತೆರೇಸಾರ ಸ್ಮರಣೆಯ ದಿನವೂ ಅದೇ, ಅವರು ತೀರಿಕೊಂಡದ್ದು 1997ರ ಅದೇ ದಿನಾಂಕ. ಬಡವರ ಸೇವೆಗೆ ಬೀದಿಗಿಳಿಯುವ ಮೊದಲು ಅವರು ಕೋಲ್ಕತ್ತದ ಎಂಟಾಲಿಯ ಸಂತ ಮೇರಿ ಶಾಲೆಯಲ್ಲಿ ಭೂಗೋಳ, ಇತಿಹಾಸ ಹೇಳಿಕೊಡುತ್ತಿದ್ದ ಟೀಚರು. 1944ರಲ್ಲಿ ಮುಖ್ಯೋಪಾಧ್ಯಾಯಿನಿಯೂ ಆದರು. ನಮ್ಮ ಸಮಾಜ ವಿಜ್ಞಾನದ ಟೀಚರಿಗೆ ಇದನ್ನು ಹೇಳಿದಾಗ, "ಹಾಗಾದರೆ ಅವರೂ ಭೂಪಟ ನೇತುಹಾಕಿದವರೇ" ಎಂದು ತಮ್ಮ ಸುರುಳಿ ಭೂಪಟವನ್ನು ಎದೆಗವಚಿಕೊಂಡರು. ಮೂರು ದಿನ ಬಿಟ್ಟು ಬರುವ ಸೆಪ್ಟೆಂಬರ್ 8 ಕರಾವಳಿಯವರ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನಿಗೆ ಅರ್ಪಿಸಿ, ಹೊಸ ತೆನೆ ಮನೆಗೆ ತರುವ ದಿನ. ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ತೆನೆ ಇಟ್ಟರೂ ಚಿಂತನ ಆದಂತೆಯೇ.

ಅಕ್ಟೋಬರ್ 2 ಗಾಂಧಿ ಜಯಂತಿ, ಕಾವಲು ದೂತರ ಸ್ಮರಣೆ. ಅಂದಿನ ಓದು ಮಗುವೊಂದನ್ನು ನಡುವೆ ನಿಲ್ಲಿಸಿದ ಯೇಸುವಿನದು (ಮತ್ತಾಯ 18). ನವೆಂಬರ್ 1 ಕನ್ನಡ ರಾಜ್ಯೋತ್ಸವ, ಸಕಲ ಸಂತರ ಹಬ್ಬ. ಹೆಸರು ದಾಖಲಾಗದೆ ಬಾಳಿ ಹೋದ ಸಂತರೆಲ್ಲರನ್ನು ನೆನೆಯುವ ದಿನ ಅದು. ಅ ಆ ಇ ಈ ತಿದ್ದಿಸಿದ ನಮ್ಮ ಒಂದನೇ ಕ್ಲಾಸಿನ ಟೀಚರುಗಳನ್ನು ಅಂದು ನೆನೆಯದೆ ಇನ್ನೆಂದು? ಅವತ್ತು ನಾನು ಏನೂ ಬರೆಯುವುದಿಲ್ಲ. ಪ್ರತಿಯೊಬ್ಬರೂ ತಮಗೆ ಅಕ್ಷರ ಕಲಿಸಿದವರ ಹೆಸರೊಂದನ್ನು ಗಟ್ಟಿಯಾಗಿ ಹೇಳುತ್ತಾರೆ. ಮಾರನೆಯ ದಿನ ಮೃತರ ಸ್ಮರಣೆ. ಆ ಹೆಸರುಗಳಲ್ಲಿ ತೀರಿಕೊಂಡವರಿಗಾಗಿ ಒಂದು ದೀಪ.

ಜನವರಿ 26ರಂದು ಸಂತ ಪೌಲರ ಸಂಗಡಿಗರಾದ ಸಂತ ತಿಮೊಥೇಯ ಮತ್ತು ತೀತರ ಸ್ಮರಣೆ. ತಿಮೊಥೇಯನಿಗೆ ಪೌಲರು ಬರೆದ ಪತ್ರದಲ್ಲಿ ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರನ್ನೂ ಹೆಸರಿಟ್ಟು ನೆನೆದಿದ್ದಾರೆ. ಮಗುವಿನ ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಬರುವ ಅಜ್ಜಿಯರಿಗೆ ಆ ದಿನ ಮೀಸಲಿಡಬಹುದು. 28 ಮಹಾ ವಿದ್ವಾಂಸ ಸಂತ ಥಾಮಸ್ ಅಕ್ವಿನಾಸರದು, 31 ಬೋಸ್ಕೊರದು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಿದ್ದಾರೆ ಎಂದು ಮಕ್ಕಳಿಗೆ ತಿಳಿಯಬೇಕು ಎಂಬರ್ಥದ ಮಾತನ್ನು ಬೋಸ್ಕೊ 1884ರಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ ಹೇಳಿದ್ದಾರೆ. ತಪಸ್ಸು ಕಾಲ (ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳು) ಎಸ್ಸೆಸ್ಸೆಲ್ಸಿ ತಯಾರಿಯ ಜೊತೆಗೇ ಬರುತ್ತದೆ. ಆಗ ಶಿಕ್ಷಕರು ಆಗಲೇ ಉಪವಾಸದಷ್ಟು ಸೊರಗಿರುತ್ತಾರೆ. ಹೊಸ ತ್ಯಾಗಗಳನ್ನು ಕೇಳದೆ, ವಾರಕ್ಕೆರಡು ದಿನ ಬರೀ ಒಂದು ಕೀರ್ತನೆ ಓದಿ ಬಿಟ್ಟುಬಿಡಿ. ತಾಯ ಮಡಿಲಲ್ಲಿ ಸಮಾಧಾನಗೊಂಡ ಕೂಸಿನ 131ನೇ ಕೀರ್ತನೆಗೆ ಮೂರೇ ಶ್ಲೋಕ.

ಮಾತು ಸಲ್ಲದ ದಿನಗಳು

ಒಂದು ವರ್ಷ ಮಳೆಗಾಲದಲ್ಲಿ ನಮ್ಮ ಶಾಲೆಯ ಹುಡುಗನೊಬ್ಬ ತೀರಿಕೊಂಡ. ಮಾರನೆಯ ಬೆಳಿಗ್ಗೆ ನಾನೇ ಮಾತಾಡಬೇಕಿತ್ತು. "ದೇವರಿಗೆ ಒಳ್ಳೆಯ ಹೂಗಳೇ ಬೇಕು" ಎಂಬಂಥ ಮಾತು ಬಾಯಿಗೆ ಬರುತ್ತದೆ. ದಯವಿಟ್ಟು ಆಡಬೇಡಿ. ಗೆಳೆಯ ಲಾಜರನ ಸಮಾಧಿಯ ಕಡೆ ಹೊರಟಾಗ ಯೇಸು ಅತ್ತರು. ಅಂದು ನಾನು ಆ ಒಂದು ವಾಕ್ಯ ಓದಿ, ಹುಡುಗನ ಹೆಸರು ಹೇಳಿ, ಸುಮ್ಮನೆ ಕೂತೆ. ಮೂರು ನಿಮಿಷವೂ ಮೌನ. ಅವನ ಕ್ಲಾಸ್ ಟೀಚರ್ ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ತೆರೆಯಲಿಲ್ಲ. ಆ ದಿನಗಳಲ್ಲಿ ನಿಮ್ಮ ಕೆಲಸ ಜೊತೆಗಿರುವುದು ಮಾತ್ರ.

ಸರದಿಗೆ ಬಿಡಿ

ಆರು ತಿಂಗಳಾದ ಮೇಲೆ ಒಬ್ಬರೇ ಹೇಳುವುದನ್ನು ನಿಲ್ಲಿಸಿ. ವಾರಕ್ಕೊಬ್ಬರಂತೆ ಸರದಿ ಮಾಡಿ, ಒಲ್ಲದವರನ್ನು ಬಿಟ್ಟುಬಿಡಿ. ಉದ್ದದ ನೋಟ್‌ಬುಕ್ಕೊಂದನ್ನು ಸ್ಟಾಫ್ ರೂಮಿನ ಕಪಾಟಿನಲ್ಲಿಡಿ. ಹೇಳಿದವರು ತಮ್ಮ ಚಿಂತನವನ್ನು ಅದರಲ್ಲಿ ಬರೆದು ತಾರೀಕು ಹಾಕಲಿ. ವರ್ಗವಾಗಿ ಬಂದವರು, ಹೊಸದಾಗಿ ಸೇರಿದವರು ಅದನ್ನು ಓದಿ ಶಾಲೆಯ ಒಳಗನ್ನು ತಿಳಿಯುತ್ತಾರೆ. ಕ್ರೈಸ್ತರಲ್ಲದವರು ಮುಂದೆ ಬಂದರೆ ಬೈಬಲಿನ ಭಾಗ ಓದಿಕೊಡಲು ನೀವು ಪಕ್ಕದಲ್ಲಿರಿ, ಅನುಭವದ ಮಾತು ಅವರದೇ ಇರಲಿ.

ಗಣಿತದ ಮೇಷ್ಟ್ರು ಸರದಿ ತೆಗೆದುಕೊಂಡದ್ದು ಅವರ ನಿವೃತ್ತಿಯ ಹಿಂದಿನ ವರ್ಷ. ಹಿಂದಿನ ಸಂಜೆ ನನ್ನ ಬಳಿ ಬಂದು, ಕಲ್ಲು ಹಿಡಿದ ಜನರ ನಡುವೆ ಯೇಸು ಬಾಗಿ ನೆಲದ ಮೇಲೆ ಬರೆದ ಭಾಗ ಎಲ್ಲಿದೆ ಎಂದು ಕೇಳಿದರು. ಯೊವಾನ್ನ 8 ಎಂದೆ. ಬೆಳಿಗ್ಗೆ ಅವರು ಹೇಳಿದ್ದು ಇಷ್ಟು: "ನಿನ್ನೆ ಒಬ್ಬ ಹುಡುಗನ ಮೇಲೆ ಕೈ ಎತ್ತಿದೆ. ಅವನು ಕಣ್ಣು ಮುಚ್ಚಿಕೊಂಡ. ಕೈ ಇಳಿಸಿ ಬೋರ್ಡಿನ ಕಡೆ ತಿರುಗಿದೆ, ಏನು ಬರೆದೆ ಅಂತ ನೆನಪಿಲ್ಲ." ಆಮೇಲೆ ನನ್ನ ಕಡೆ ನೋಡಿದರು, ನಾನು ಆ ಭಾಗ ಓದಿದೆ. ನೋಟ್‌ಬುಕ್ಕಿನ ಆ ಪುಟದಲ್ಲಿ ಅವರ ದುಂಡನೆಯ ಅಕ್ಷರದ ಮೂರು ಸಾಲಿವೆ, ಕೆಳಗೆ ತಾರೀಕು.